ಡೇರೆ ಎಲ್ಲಿ ಹಾಕೋಣ, ತಾತ?

ಮಕ್ಕಳೇ, ಬೇಸಿಗೆ ರಜೆ ಶುರುವಾದ ಮೂರನೆಯ ದಿನವೇ ಗುಂಡ್ಲುಪೇಟೆಯ ನಮ್ಮ ಮನೆಗೆ ಮೈಸೂರಿನಿಂದ ಮೊಮ್ಮಕ್ಕಳು ಬಂದಿಳಿದರು. ಚಿಕ್ಕವನ ಹೆಗಲ ಮೇಲೆ ಅವನಷ್ಟೇ ದಪ್ಪದ ಹಸಿರು ಗಂಟು.

“ಏನೋ ಇದು? ನಮ್ಮನೇಲಿ ಹಾಸಿಗೆ ಇಲ್ವಾ?” ಎಂದೆ.

“ಟೆಂಟು ತಾತ! ಕಾಡಲ್ಲಿ ಹಾಕೋದು. ರಾತ್ರಿ ಬೆಂಕಿ ಹಾಕ್ಕೊಂಡು ಅದ್ರಲ್ಲೇ ಮಲಗೋದು. ಯಾವ ಕಾಡು ಅಂತ ನೀನು ಹೇಳ್ಬೇಕು.”

ಎಂಟನೇ ತರಗತಿಯ ಅವನ ಅಕ್ಕ ಪಟ್ಟಿಯನ್ನೇ ಮಾಡಿಕೊಂಡು ಬಂದಿದ್ದಳು. ಕರ್ನಾಟಕದ ರಾಷ್ಟ್ರೀಯ ಉದ್ಯಾನಗಳು ಐದು: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ. ಆರನೆಯದಾಗಿ ಬಿಳಿಗಿರಿರಂಗನ ಬೆಟ್ಟ ಎಂದೂ ಬರೆದಿದ್ದಳು.

“ಅದು ರಾಷ್ಟ್ರೀಯ ಉದ್ಯಾನ ಅಲ್ಲ ಪುಟ್ಟಿ, ವನ್ಯಜೀವಿಧಾಮ. 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಆದ್ರೂ ಅಳಿಸ್ಬೇಡ, ಇರ್ಲಿ” ಎಂದೆ.

ಚಾಮರಾಜನಗರ ಜಿಲ್ಲೆಯವರಾದ ನಮಗೆ ಕಾಡು ಹುಡುಕಿಕೊಂಡು ದೂರ ಹೋಗುವ ಕಷ್ಟವಿಲ್ಲ. ಗುಂಡ್ಲುಪೇಟೆಯ ಮಗ್ಗುಲಲ್ಲೇ ಬಂಡೀಪುರ, ಚಾಮರಾಜನಗರದ ಆಚೆ ಬಿಳಿಗಿರಿ, ಇನ್ನೂ ಮುಂದೆ ಹೋದರೆ ಮಲೆ ಮಹದೇಶ್ವರ ಬೆಟ್ಟ. ಕಷ್ಟವಿರುವುದು ಆರಿಸುವುದರಲ್ಲಿ. ಅದಕ್ಕೆ ನಾನು ಮೂರು ಪ್ರಶ್ನೆ ಬರೆಸಿದೆ.

ಮೊದಲನೆಯದು: ಅಲ್ಲಿ ರಾತ್ರಿ ಉಳಿಯಲು ಬಿಡುತ್ತಾರೆಯೇ? ಬಂಡೀಪುರವನ್ನೇ ನೋಡಿ. ಮೈಸೂರಿನ ಮಹಾರಾಜರು 1931ರಲ್ಲಿ ಪ್ರಾಣಿಗಳಿಗಾಗಿ ಎತ್ತಿಟ್ಟ ಕಾಡು ಅದು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ದೇಶದಲ್ಲಿ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಒಂದು. ಅಲ್ಲಿ ಅರಣ್ಯ ಇಲಾಖೆಯ ವಸತಿಗೃಹದಲ್ಲಿ ಮುಂಗಡ ಕಾದಿರಿಸಿ ಉಳಿಯಬಹುದು. ನಮ್ಮದೇ ಡೇರೆ ಹೊತ್ತುಕೊಂಡು ಹೋಗಿ ಕಾಡೊಳಗೆ ಹಾಕುವಂತಿಲ್ಲ.

“ಒಂದೇ ರಾತ್ರಿ ತಾತ!” ಎಂದ ಚಿಕ್ಕವನು.

“ಊಟಿಗೆ, ವಯನಾಡಿಗೆ ಹೋಗೋ ರಸ್ತೆ ಆ ಕಾಡಿನ ಮಧ್ಯೇನೇ ಹೋಗುತ್ತೆ. 2009ರಿಂದ ರಾತ್ರಿ ಒಂಬತ್ತಕ್ಕೆ ಗೇಟ್ ಹಾಕಿದ್ರೆ ತೆಗೆಯೋದು ಬೆಳಿಗ್ಗೆ ಆರಕ್ಕೆ. ಆಂಬುಲೆನ್ಸು, ಕೆಲವೇ ಕೆಲವು ಬಸ್ಸು ಬಿಟ್ರೆ ಯಾರನ್ನೂ ಬಿಡಲ್ಲ. ರಾತ್ರಿ ಓಡೋ ಗಾಡಿಗೆ ಸಿಕ್ಕಿ ಪ್ರಾಣಿಗಳು ಸಾಯ್ತಿದ್ವು. ಅಷ್ಟು ದೊಡ್ಡ ಲಾರಿಗಳನ್ನೇ ನಿಲ್ಲಿಸೋರು ನಿನ್ನ ಟೆಂಟನ್ನ ಬಿಡ್ತಾರಾ?”

ಎರಡನೆಯದು: ಕಾಲ ಯಾವುದು? ಬಂಡೀಪುರದ ಬಹುಪಾಲು ಎಲೆ ಉದುರಿಸುವ ಕಾಡು. ಬೇಸಿಗೆಯಲ್ಲಿ ಮರಗಳು ಬೋಳು. ನೀರಿಗಾಗಿ ಕೆರೆಯ ಬಳಿ ಬರುವ ಆನೆ, ಜಿಂಕೆ, ಕಾಟಿಗಳು ಸುಲಭವಾಗಿ ಕಾಣುತ್ತವೆ, ನಿಜ. ಆದರೆ ಕಾಲಿಟ್ಟಲ್ಲೆಲ್ಲ ತರಗೆಲೆ. ಬಿಳಿಗಿರಿಯಲ್ಲಾದರೆ ಬುಡದಲ್ಲಿ ಕುರುಚಲು, ಮೇಲೆ ಹೋದಂತೆ ಹುಲ್ಲುಗಾವಲು, ಶೋಲಾ ಕಾಡು. ಮುಂಗಾರು, ಹಿಂಗಾರು ಎರಡರ ಮಳೆಯೂ ಅದಕ್ಕೆ ಸಿಗುತ್ತದೆ. ಹಸಿರು ನೋಡಬೇಕಾದರೆ ಮಳೆ ಬಿದ್ದ ಮೇಲೆ ಹೋಗಬೇಕು.

ಮೂರನೆಯದು: ಜೊತೆಗೆ ಯಾರು ಬರುತ್ತಾರೆ? ನಮ್ಮ ಅಜ್ಜಿಗೆ ಮಂಡಿನೋವು. “ನಡುರಾತ್ರಿ ನಾನು ಎದ್ರೆ ಯಾರಪ್ಪ ಜೊತೆಗೆ ಬರೋರು? ಚಿರತೆಯಾ?” ಎಂದು ಅವಳು ಅಡುಗೆಮನೆಯಿಂದಲೇ ಕೇಳಿದಳು.

ಚಿಕ್ಕವನ ಮುಖ ಸಣ್ಣದಾಯಿತು. “ಹೋಗ್ಲಿ, ಬೆಂಕಿನಾದ್ರೂ ಹಾಕ್ಬಹುದಲ್ವಾ?”

ಆಗ ನಾನು ಮನೆಯಲ್ಲಿ ಯಾರಿಗೂ ಹೇಳಿರದ ಒಂದು ಮಾತು ಹೇಳಬೇಕಾಯಿತು. ನನಗಾಗ ಇಪ್ಪತ್ತು ವರ್ಷ. ನಾಲ್ವರು ಗೆಳೆಯರು ಕಾಡಂಚಿಗೆ ಹೋಗಿ, ಮೂರು ಕಲ್ಲು ಹೂಡಿ ಉಪ್ಪಿಟ್ಟು ಮಾಡಿ ತಿಂದೆವು. ಹೊರಡುವಾಗ ಕೆಂಡದ ಮೇಲೆ ಕಾಲಿನಲ್ಲೇ ಒಂದಿಷ್ಟು ಮಣ್ಣು ತಳ್ಳಿದೆವು. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ಹೊಗೆ! ಗಾಳಿಗೆ ಹುಲ್ಲು ಹತ್ತಿಕೊಂಡು ಲಂಟಾನ ಪೊದೆ ಉರಿಯುತ್ತಿತ್ತು. ದನ ಮೇಯಿಸುತ್ತಿದ್ದ ಒಬ್ಬ ಮುದುಕ ಒಂಟಿಯಾಗಿ ಹಸಿ ಸೊಪ್ಪಿನ ಕೊಂಬೆಯಿಂದ ಬಡಿಯುತ್ತಿದ್ದ. ನಾವೂ ಓಡಿಹೋಗಿ ಬಡಿದೆವು. ಹೊತ್ತು ಮುಳುಗುವಷ್ಟರಲ್ಲಿ ಬೆಂಕಿ ಆರಿತು. ನಮ್ಮ ಅಂಗೈಯೆಲ್ಲ ಬೊಬ್ಬೆ. ಮುದುಕ ನಮ್ಮನ್ನು ಬೈಯಲಿಲ್ಲ. “ನಾಳೆ ದನ ಎಲ್ಲಿಗೆ ಅಟ್ಟಲಪ್ಪಾ?” ಎಂದ, ಅಷ್ಟೇ. ನಾವು ಉತ್ತರ ಕೊಡದೆ ಬಂದುಬಿಟ್ಟೆವು.

2019ರ ಫೆಬ್ರುವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದು ಸಾವಿರಾರು ಎಕರೆ ಸುಟ್ಟಾಗ, ಗೋಪಾಲಸ್ವಾಮಿ ಬೆಟ್ಟದ ದಿಕ್ಕಿನ ಹೊಗೆಯನ್ನು ನಾನು ನಮ್ಮ ತಾರಸಿಯ ಮೇಲಿಂದ ನೋಡುತ್ತಾ ನಿಂತಿದ್ದೆ. ಹಚ್ಚಿದವನು ನಾನಲ್ಲ. ಆದರೂ ಆ ಮುದುಕನ ಪ್ರಶ್ನೆ ಕಿವಿಯಲ್ಲಿತ್ತು.

ಕತೆ ಕೇಳಿದ ಮಕ್ಕಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಕ್ಕನೇ ತೀರ್ಮಾನ ಬರೆದಳು. ಈ ರಜೆಯಲ್ಲಿ ಹಗಲು ಹಿಮವದ್ ಗೋಪಾಲಸ್ವಾಮಿ ಬೆಟ್ಟ, ರಾತ್ರಿ ನಮ್ಮ ತಾರಸಿಯಲ್ಲಿ ಡೇರೆ. ದಸರಾ ರಜೆಗೆ ಬಿಳಿಗಿರಿಯ ದಾರಿಯಲ್ಲಿರುವ ಕೆ. ಗುಡಿ, ಅಲ್ಲಿ ಜಂಗಲ್ ಲಾಡ್ಜಸ್‌ನವರ ಶಿಬಿರದಲ್ಲಿ ಅವರೇ ಹಾಕಿದ ಡೇರೆಗಳಿವೆ. ಖರ್ಚು ಹೆಚ್ಚು, ಅದಕ್ಕೆ ಈಗಲೇ ಒಂದು ಹುಂಡಿ ಇಟ್ಟಿದ್ದೇವೆ.

ಮಾರನೆಯ ಬೆಳಿಗ್ಗೆ ಬೆಟ್ಟಕ್ಕೆ ಹೊರಟೆವು. ಸ್ವಂತ ಗಾಡಿಗಳೆಲ್ಲ ಬುಡದಲ್ಲೇ ನಿಲ್ಲಬೇಕು, ಮೇಲಕ್ಕೆ ಸರ್ಕಾರಿ ಬಸ್ಸು. ಸುಮಾರು 1,450 ಮೀಟರ್ ಎತ್ತರ. ಏಪ್ರಿಲ್‌ನಲ್ಲೂ ಅಜ್ಜಿ ಸೆರಗು ಹೊದ್ದುಕೊಂಡಳು. ದೇವರ ದರ್ಶನ ಮುಗಿಸಿ ಹೊರಬಂದಾಗ ಮಂಜು ಸರಿದು ಕೆಳಗಿನ ಹುಲ್ಲುಗಾವಲು ಕಂಡಿತು. “ಅಲ್ಲಿ ನಾಲ್ಕು ಕಪ್ಪು ಬಂಡೆ” ಎಂದಳು ಮೊಮ್ಮಗಳು. ಅಷ್ಟರಲ್ಲಿ ಒಂದು ಬಂಡೆ ಸೊಂಡಿಲೆತ್ತಿತು. ಚಿಕ್ಕವನು ಕೂಗಲು ಬಾಯಿ ತೆರೆದವನು ತಾನೇ ಕೈ ಅಡ್ಡ ಇಟ್ಟುಕೊಂಡ.

ರಾತ್ರಿ ತಾರಸಿಯಲ್ಲಿ ಗೂಟ ಹೊಡೆಯಲಾಗದೆ ಹಗ್ಗಗಳನ್ನು ಇಟ್ಟಿಗೆಗೆ ಕಟ್ಟಿದೆವು. ಅಜ್ಜಿ ಚಿತ್ರಾನ್ನ, ಮಜ್ಜಿಗೆ ತಂದಳು. ಒಂಬತ್ತು ದಾಟಿದ ಮೇಲೆ ಹೆದ್ದಾರಿಯ ಸದ್ದು ಕಡಿಮೆಯಾಗುತ್ತಾ ಬಂತು.

“ಗೇಟ್ ಹಾಕಿದ್ರಾ ತಾತ?”

“ಹಾಕಿರ್ತಾರೆ.”

“ನಾವು ನೋಡಿದ ಆನೆಗಳು ಈಗ ರಸ್ತೆ ದಾಟ್ತಿರ್ತಾವಾ?”

“ದಾಟ್ತಿರಬಹುದು.”

ಅವನು ಟಾರ್ಚ್ ಆರಿಸಿ ಮಲಗಿದ. ಬೆಳಿಗ್ಗೆ ಎದ್ದು ನೋಡಿದರೆ, ಮೈಸೂರಿನಿಂದ ಜೇಬಿನಲ್ಲಿಟ್ಟುಕೊಂಡು ತಂದಿದ್ದ ಬೆಂಕಿಪೊಟ್ಟಣ ಅಜ್ಜಿಯ ಒಲೆಯ ಪಕ್ಕದಲ್ಲಿತ್ತು.

ಅಜ್ಜ ಅಜ್ಜಿಯರೇ, ನಿಮ್ಮ ಮೊಮ್ಮಕ್ಕಳೂ ಕಾಡಿಗೆ ಹೊರಟರೆ ಆ ಮೂರು ಪ್ರಶ್ನೆ ಬರೆಸಿ. ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಯರನ್ನು ಅವರು ಕಂಡ ಕಾಡಿನ ಬಗ್ಗೆ ಕೇಳಿ. ಅವರೂ ಯಾರಿಗೂ ಹೇಳದೆ ಇಟ್ಟುಕೊಂಡ ಒಂದು ಕತೆ ಇರಬಹುದು. ಮುಂದಿನ ವಾರ ಸಿಗೋಣ.