ನೀರಿನ ದಾರಿ ಮೊದಲು, ಕಾಲಿನ ದಾರಿ ಆಮೇಲೆ

ಬೆಂಗಳೂರಿನಲ್ಲಿ ಈಗ ಕೆರೆ ಕಂಡಲ್ಲಿ ಓಟದ ಹಾದಿ, ಕಾಲುವೆ ಕಂಡಲ್ಲಿ ಸೈಕಲ್ ಪಥ, ಒಂದಿಷ್ಟು ಮರ ಉಳಿದಲ್ಲಿ ವೃಕ್ಷೋದ್ಯಾನ ಎಂಬುದೇ ಪರಿಸರ ಸಂರಕ್ಷಣೆಯ ವ್ಯಾಖ್ಯೆಯಾಗಿಬಿಟ್ಟಿದೆ. ಕೆರೆಯ ಅಭಿವೃದ್ಧಿ ಎಂದೊಡನೆ ಅಂದಾಜುಪಟ್ಟಿಯಲ್ಲಿ ಮೊದಲು ಮೂಡುವುದು ನೀರಿನ ಲೆಕ್ಕವಲ್ಲ. ಸಿಮೆಂಟ್ ಬಿಲ್ಲೆ, ತಂತಿಬೇಲಿ, ದೀಪದ ಕಂಬ, ಕಲ್ಲುಬೆಂಚುಗಳ ಲೆಕ್ಕ. ಓಡುವವರಿಗೆ, ಸೈಕಲ್ ತುಳಿಯುವವರಿಗೆ ಹಾದಿಯೇ ಬೇಡವೆಂದು ನಾವು ಹೇಳುತ್ತಿಲ್ಲ. ಮೋಟಾರು ವಾಹನಗಳ ಹೊಗೆಯಲ್ಲಿ ಮುಳುಗಿದ ನಗರದಲ್ಲಿ ಕಾಲ್ನಡಿಗೆ ಮತ್ತು ಸೈಕಲ್ಲುಗಳಷ್ಟು ಸಭ್ಯವಾದ ಸಂಚಾರ ಬೇರೊಂದಿಲ್ಲ. ನಮ್ಮ ತಕರಾರು ಇರುವುದು, ಹಾದಿ ಮಾಡಿದ ಮಾತ್ರಕ್ಕೆ ಕೆರೆ ಉಳಿಯಿತು, ಕಾಲುವೆ ಬದುಕಿತು ಎಂದು ಜನರನ್ನು ನಂಬಿಸುವ ಹುನ್ನಾರದ ಬಗ್ಗೆ.

ಘಟ್ಟದ ಮಡಿಲಲ್ಲಿ ಕುಳಿತ ನಿಮಗೆ ಬಸವನಗುಡಿ, ಮಲ್ಲೇಶ್ವರಗಳ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ತನ್ನ ನೆಲದ ನೀರನ್ನು ಅಲಂಕಾರದ ವಸ್ತುವಾಗಿಸಿಕೊಂಡ ನಗರ ಕುಡಿಯುವ ನೀರಿಗೆ ಕೊನೆಗೆ ಬರುವುದು ಯಾರ ಹೊಳೆಗೆ ಎಂಬುದನ್ನು ನೆನೆದರೆ ಉತ್ತರ ಸಿಗುತ್ತದೆ.

ಕೆರೆಯಂಗಳದ ಆಟೋಟ

ಹಳೆಯ ಬೆಂಗಳೂರಿನಲ್ಲಿ ಕ್ರೀಡೆಗೂ ಕೆರೆಗೂ ಇರುವ ಸಂಬಂಧ ಹೊಸದಲ್ಲ, ಸುಖದ್ದೂ ಅಲ್ಲ. ನಗರದ ಅತ್ಯಂತ ಹೆಸರಾಂತ ಓಟದ ಅಂಕಣವಿರುವ ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳದಲ್ಲಿದೆ. ಕರಗದ ಆಚರಣೆಗೆಂದು ಒಂದು ಪುಟ್ಟ ಕೊಳ ಮಾತ್ರ ಉಳಿದಿದೆ. ಹಾಕಿ ಕ್ರೀಡಾಂಗಣ ಅಕ್ಕಿತಿಮ್ಮನಹಳ್ಳಿ ಕೆರೆಯನ್ನೂ, ಫುಟ್‌ಬಾಲ್ ಕ್ರೀಡಾಂಗಣ ಶೂಲೆ ಕೆರೆಯನ್ನೂ ನುಂಗಿದವು. ಮಲ್ಲೇಶ್ವರಕ್ಕೆ ತಾಗಿದ ಶೇಷಾದ್ರಿಪುರದ ಜಕ್ಕರಾಯನ ಕೆರೆ ಮೈದಾನವಾಯಿತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಿದ್ದಿಕಟ್ಟೆಯ ಮೇಲೆ ಕೃಷ್ಣರಾಜ ಮಾರುಕಟ್ಟೆ ಎದ್ದಿತು. ಪ್ರತಿಯೊಂದನ್ನೂ ಸಾರ್ವಜನಿಕ ಹಿತದ ಹೆಸರಿನಲ್ಲಿಯೇ ಮಾಡಲಾಯಿತು. ಆಟದ ಮೈದಾನ ಬೇಡವೆನ್ನುವವರು ಯಾರು? ಬಸ್ ನಿಲ್ದಾಣ ಬೇಡವೆನ್ನುವವರು ಯಾರು? ಒಳ್ಳೆಯ ಉದ್ದೇಶವೇ ಕೆರೆಗೆ ಅತ್ಯಂತ ಅಪಾಯಕಾರಿ ಶತ್ರು ಎಂಬುದನ್ನು ಈ ನಗರದ ಚರಿತ್ರೆ ಮತ್ತೆ ಮತ್ತೆ ಹೇಳಿದೆ.

ಚಾಮರಾಜಪೇಟೆ 1892ರಲ್ಲಿಯೂ, ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು 1898ರ ಪ್ಲೇಗ್ ಮಾರಿಯ ನಂತರವೂ ರೂಪುಗೊಂಡವು. ಗಾಳಿ, ಬೆಳಕು, ಮರ, ನೀರು ಇರುವ ಊರು ಬೇಕೆಂಬ ಹಂಬಲದಿಂದ ಹುಟ್ಟಿದ ಬಡಾವಣೆಗಳಿವು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ವೃಷಭಾವತಿ ಹುಟ್ಟುತ್ತಾಳೆಂಬುದು ಜನರ ನಂಬಿಕೆ. ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಾಲಯದ ಎದುರಿನ ನಂದಿತೀರ್ಥದ ಬಸವನ ಬಾಯಿಂದಲೂ ನೀರು ಸುರಿಯುತ್ತದೆ. ಅಲ್ಲಿಯೂ ಅದೇ ಹೊಳೆಯ ಮೂಲವನ್ನು ಹೇಳುವವರಿದ್ದಾರೆ. ಎರಡು ಬಡಾವಣೆಗಳು, ಎರಡು ಬಸವಗಳು, ಒಂದೇ ಹೊಳೆ. ಆ ಹೊಳೆ ಇಂದು ಮೈಸೂರು ರಸ್ತೆಯ ಮಗ್ಗುಲಲ್ಲಿ ಕಪ್ಪು ಚರಂಡಿಯಾಗಿದೆ. ದೇವಾಲಯದ ಹೆಸರಿನಲ್ಲಿ ‘ಕಾಡು’ ಉಳಿದಿದೆ. ನೆಲದ ಮೇಲೆ ಉಳಿದಿಲ್ಲ.

ಏರಿ ಬೇರೆ, ಅಂಚು ಬೇರೆ

ನಮ್ಮ ಹಿರಿಯರು ಕೆರೆಯ ಏರಿಯ ಮೇಲೆ ನಡೆದರು, ಗಾಡಿ ಹೊಡೆದರು, ಕಾಲುವೆಯ ಬದಿಯಲ್ಲಿ ಹೊಲಕ್ಕೆ ಹೋದರು. ನೀರುಗಂಟಿ ತೂಬಿನಿಂದ ಅಚ್ಚುಕಟ್ಟಿನ ಕೊನೆಯವರೆಗೆ ದಿನವೂ ನಡೆಯುತ್ತಿದ್ದ. ಆ ಕಾಲುದಾರಿ ಕೆರೆಗೆ ಕೇಡು ಮಾಡಲಿಲ್ಲ, ಕೆರೆಯನ್ನು ಕಾಯಿತು. ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ಹೂಳು ಕಟ್ಟಿದೆ ಎಂಬುದು ನಡೆಯುವವನ ಕಣ್ಣಿಗೆ ಮೊದಲು ಬೀಳುತ್ತಿತ್ತು.

ಆದರೆ ಏರಿ ಇರುವುದು ಕೆರೆಯ ಒಂದು ದಿಕ್ಕಿಗೆ ಮಾತ್ರ, ಇಳಿಜಾರಿನ ಕಡೆಗೆ. ಉಳಿದ ಮೂರು ದಿಕ್ಕಿನಲ್ಲಿ ನೀರು ಮತ್ತು ನೆಲ ನಿಧಾನವಾಗಿ ಒಂದರೊಳಗೊಂದು ಸೇರುತ್ತವೆ. ಮಳೆಗಾಲದಲ್ಲಿ ಮುಳುಗುವ, ಬೇಸಿಗೆಯಲ್ಲಿ ತೆರೆದುಕೊಳ್ಳುವ ಆ ಜವುಗು ಅಂಚಿನಲ್ಲಿಯೇ ಜೊಂಡು ಬೆಳೆಯುವುದು, ಮೀನು ಮೊಟ್ಟೆಯಿಡುವುದು, ಉದ್ದ ಕಾಲಿನ ಹಕ್ಕಿಗಳು ಮೇಯುವುದು, ಟಿಟ್ಟಿಭ ಬರಿನೆಲದಲ್ಲಿ ಗೂಡು ಮಾಡುವುದು. ಹರಿದು ಬರುವ ಹೊಲಸನ್ನು ಒಂದಿಷ್ಟು ಸೋಸುವುದೂ ಅದೇ ಜೊಂಡು.

ನಾಲ್ಕೂ ದಿಕ್ಕಿಗೆ ಸುತ್ತುವ ಓಟದ ಹಾದಿ ಮೊದಲು ನಾಶ ಮಾಡುವುದು ಈ ಅಂಚನ್ನು. ಹೂಳೆತ್ತುವ ಹೆಸರಿನಲ್ಲಿ ಅಂಗಳವನ್ನು ಆಳವಾಗಿ ಬಗೆದು, ಆ ಮಣ್ಣನ್ನೇ ಸುತ್ತಲೂ ಒಡ್ಡಿ, ಮೇಲೆ ಬಿಲ್ಲೆ ಜೋಡಿಸಿದರೆ ಕೆರೆ ಬಟ್ಟಲಾಗುತ್ತದೆ. ಸುತ್ತಲಿನ ನೆಲದಿಂದ ಹರಿದು ಬರುವ ಮಳೆನೀರಿಗೆ ಒಡ್ಡು ಅಡ್ಡಿ. ಹಕ್ಕಿಗೆ ಕಾಲೂರುವ ತಾಣವಿಲ್ಲ. ರಾತ್ರಿಯೆಲ್ಲ ದೀಪ ಉರಿದರೆ ಕತ್ತಲೆಯೂ ಇಲ್ಲ. ಓಡುವವರಿಗೆ ಸುತ್ತು ಪೂರ್ಣವಾಗುವ ಅನುಕೂಲಕ್ಕಾಗಿ ಕೆರೆ ತನ್ನ ಕೆರೆತನವನ್ನೇ ಕಳೆದುಕೊಳ್ಳುತ್ತದೆ.

ಬಟ್ಟಲಿನಿಂದ ಹೊರಗಾಗುವುದು ಹಕ್ಕಿ ಮಾತ್ರವಲ್ಲ. ಬಟ್ಟೆ ಒಗೆಯುವವರು, ದನ ಮೇಯಿಸುವವರು, ಬಲೆ ಬೀಸುವವರು, ಸೊಪ್ಪು ಬೆಳೆಯುವವರು ಕೆರೆಯ ನಿಜವಾದ ನೆರೆಹೊರೆಯಾಗಿದ್ದರು. ಬೇಲಿ, ಬೀಗ, ವೇಳಾಪಟ್ಟಿಗಳು ಬಂದಾಗ ಅವರೆಲ್ಲ ಅತಿಕ್ರಮಣಕಾರರಾಗುತ್ತಾರೆ. ಬೆಳಗಿನ ಓಟಗಾರ ಮಾತ್ರ ನಾಗರಿಕನಾಗುತ್ತಾನೆ. ಕೆರೆಯಿಂದ ಹೊಟ್ಟೆ ಹೊರೆಯುವವನಿಗಿಂತ ಕೆರೆಯ ಬಳಿ ಹೊಟ್ಟೆ ಕರಗಿಸುವವನಿಗೆ ಹೆಚ್ಚಿನ ಹಕ್ಕು ಎಂಬ ಈ ನ್ಯಾಯವನ್ನು ನಾವು ಒಪ್ಪಲಾರೆವು.

ಹಾದಿಯ ಹಿಂದೆಯೇ ರಸ್ತೆ

ಕಾಲುವೆಯ ಮಾತಿಗೆ ಬರೋಣ. ಮೆಜೆಸ್ಟಿಕ್ ಸಮೀಪದಿಂದ ಕೃಷ್ಣರಾಜ ಮಾರುಕಟ್ಟೆ, ಶಾಂತಿನಗರಗಳ ಮೂಲಕ ಬೆಳ್ಳಂದೂರಿನ ಕಡೆಗೆ ಸಾಗುವ ಕೋರಮಂಗಲ ಕಣಿವೆಯ ರಾಜಕಾಲುವೆಯಲ್ಲಿ ‘ಕೆ-100’ ಎಂಬ ಜಲಮಾರ್ಗ ಯೋಜನೆ 2021ರಲ್ಲಿ ಆರಂಭವಾಯಿತು. ಸುಮಾರು 175 ಕೋಟಿ ರೂಪಾಯಿಗಳ ಯೋಜನೆ. ಒಳಚರಂಡಿಯ ಹೊಲಸನ್ನು ತಡೆದು, ಸಂಸ್ಕರಿಸಿದ ನೀರನ್ನು ಹರಿಸಿ, ದಡದಲ್ಲಿ ನಡೆಯುವ ಹಾದಿ ಮಾಡುವುದು ಅದರ ಉದ್ದೇಶ. ಇದರ ಪರವಾದ ವಾದವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಗೋಡೆಯ ಹಿಂದೆ ಅಡಗಿದ ಕಾಲುವೆಗೆ ಕಸ ಸುರಿಯುವುದು ಸುಲಭ. ಜನ ನಡೆದಾಡುವ ಕಾಲುವೆಗೆ ಸುರಿಯುವುದು ಕಷ್ಟ. ಹೊಲಸು ತಡೆಯುವ ಕೆಲಸವಂತೂ ಸ್ವಾಗತಾರ್ಹವೇ.

ಆದರೆ ಈ ಯೋಜನೆಯ ಮಾತು ಬಂದಾಗಲೆಲ್ಲ ಉದಾಹರಿಸುವ ದಕ್ಷಿಣ ಕೊರಿಯಾದ ಸೋಲ್ ನಗರದ ಚಿಯಾಂಗ್ಗೆಚಿಯಾನ್ ತೊರೆಯ ಕಥೆಯನ್ನು ಪೂರ್ತಿಯಾಗಿ ಹೇಳಬೇಕು. 2005ರಲ್ಲಿ ಜನರಿಗೆ ತೆರೆದ ಆ ತೊರೆಗಾಗಿ ಸೋಲ್ ನಗರ ಮೊದಲು ಮಾಡಿದ್ದು ಅದರ ಮೇಲಿದ್ದ ಮೇಲ್ಸೇತುವೆ ಹೆದ್ದಾರಿಯನ್ನು ಕೆಡವುವ ಕೆಲಸ. ಎರಡನೆಯ ಸಂಗತಿ: ಅಲ್ಲಿ ಹರಿಯುವ ನೀರಿನ ಬಹುಪಾಲನ್ನು ಹಾನ್ ನದಿಯಿಂದ ಪಂಪು ಮಾಡಿ ತರಲಾಗುತ್ತದೆ. ಅಂದರೆ ಅದು ಸುಂದರ ಉದ್ಯಾನ. ಪುನರ್ಜನ್ಮ ಪಡೆದ ತೊರೆಯಲ್ಲ. ನಾವು ಆ ಸೌಂದರ್ಯವನ್ನು ಎರವಲು ತರಲು ಹೊರಟಿದ್ದೇವೆ, ಹೆದ್ದಾರಿ ಕೆಡವಿದ ಧೈರ್ಯವನ್ನಲ್ಲ. 2025ರ ಮಾರ್ಚ್‌ನ ರಾಜ್ಯ ಬಜೆಟ್‌ನಲ್ಲಿ, ಕಾಲುವೆಗಳ ಮೀಸಲು ವಲಯವನ್ನು ಬಳಸಿ ಬೆಂಗಳೂರಿನಲ್ಲಿ 3,000 ಕೋಟಿ ರೂಪಾಯಿ ವೆಚ್ಚದಲ್ಲಿ 300 ಕಿ.ಮೀ. ಹೊಸ ರಸ್ತೆ ಮಾಡುವುದಾಗಿ ಘೋಷಿಸಲಾಯಿತು. ಸೋಲ್ ತೊರೆಗಾಗಿ ರಸ್ತೆ ತೆಗೆಯಿತು. ನಾವು ರಸ್ತೆಗಾಗಿ ತೊರೆಯ ದಡ ಕೇಳುತ್ತಿದ್ದೇವೆ.

ರಾಜಕಾಲುವೆಯ ದಡ ಖಾಲಿ ಜಾಗವಲ್ಲ, ಪ್ರವಾಹ ಬಂದಾಗ ನೀರು ಹರಡಿಕೊಳ್ಳುವ ಜಾಗ. ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಯ ಮೀಸಲು ವಲಯವನ್ನು 75 ಮೀಟರಿಗೆ ಹಿಗ್ಗಿಸಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಗೊಳಿಸಿದ ಮೇಲೆ ಮಹಾಯೋಜನೆಯ 30 ಮೀಟರು ಉಳಿಯಿತು. 2025ರಲ್ಲಿ ರಾಜ್ಯ ಸರ್ಕಾರ ತಂದ ಮಸೂದೆ, ಕೆರೆಯ ವಿಸ್ತೀರ್ಣ ನೋಡಿ ಅದನ್ನೂ ಕಿರಿದುಗೊಳಿಸುವ ದಾರಿ ತೆರೆಯಿತು. ಇಂತಹ ಕಾಲದಲ್ಲಿ ಮೀಸಲು ವಲಯದೊಳಗೆ ಒಂದು ಗಟ್ಟಿ ನೆಲದ ಹಾದಿಯನ್ನು ಒಪ್ಪಿಕೊಂಡರೆ ಎರಡನೆಯದನ್ನು ಯಾವ ಬಾಯಿಂದ ನಿರಾಕರಿಸುವುದು? ಸೈಕಲ್ಲಿಗೆ ಹಾಸಿದ ಕಾಂಕ್ರೀಟು ನಾಳೆ ಕಾರಿಗೂ ಸಾಲುತ್ತದೆ ಎಂಬುದು ಗುತ್ತಿಗೆದಾರನಿಗೆ ಚೆನ್ನಾಗಿ ಗೊತ್ತು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತ ದೋಣಿ, ಟ್ರ್ಯಾಕ್ಟರುಗಳಲ್ಲಿ ಜನರನ್ನು ಸಾಗಿಸಬೇಕಾಗಿ ಬಂದದ್ದು ನೀರು ತನ್ನ ಜಾಗವನ್ನು ಹುಡುಕಿಕೊಂಡು ಬಂದಾಗ.

ಬೈರಮಂಗಲದ ಒರೆಗಲ್ಲು

ಕಾಲುವೆಯ ಹಾದಿ ಎಷ್ಟು ಚೆನ್ನಾಗಿದೆ ಎಂಬುದನ್ನು ಹಾದಿಯ ಮೇಲೆ ನಿಂತು ಅಳೆಯಬಾರದು. ಬಸವನಗುಡಿಯಲ್ಲಿ ಹುಟ್ಟಿ, ಗವಿಪುರ ಮತ್ತು ಚಾಮರಾಜಪೇಟೆಯ ನಡುವಿನ ಕೆಂಪಾಂಬುಧಿ ಕೆರೆಯ ಕಣಿವೆ ದಾಟಿ, ಗಾಳಿ ಆಂಜನೇಯನ ಗುಡಿ, ಕೆಂಗೇರಿಗಳನ್ನು ಕಳೆದು ವೃಷಭಾವತಿ ಸೇರುವುದು ಬಿಡದಿ ಬಳಿಯ ಬೈರಮಂಗಲ ಜಲಾಶಯವನ್ನು. ಮುಂದೆ ಅರ್ಕಾವತಿಯನ್ನು, ಅಲ್ಲಿಂದ ಕಾವೇರಿಯನ್ನು. ಬೈರಮಂಗಲದ ರೈತನ ಗದ್ದೆಗೆ ಬರುವುದು ನೊರೆ, ದುರ್ನಾತ ಮತ್ತು ಕಾರ್ಖಾನೆಗಳ ವಿಷ. ಮೂಲದಲ್ಲಿ ಎಷ್ಟು ಮೀಟರು ಹಾದಿ ಹಾಸಿದರು, ಎಷ್ಟು ಹೂಕುಂಡ ಇಟ್ಟರು ಎಂಬುದು ಅವನಿಗೆ ಬೇಡ. ಬೈರಮಂಗಲದ ನೀರು ತಿಳಿಯಾಯಿತೇ? ಹೊಳೆಯ ಹೆಸರಿನಲ್ಲಿ ಖರ್ಚಾಗುವ ಪ್ರತಿಯೊಂದು ರೂಪಾಯಿಗೂ ಇದೊಂದೇ ಒರೆಗಲ್ಲು ಆಗಬೇಕು.

ನಗರದ ನೀರು, ಮಲೆನಾಡಿನ ಪಾಡು

ಬೆಂಗಳೂರು 1896ರಲ್ಲಿ ಹೆಸರಘಟ್ಟಕ್ಕೆ, 1933ರಲ್ಲಿ ತಿಪ್ಪಗೊಂಡನಹಳ್ಳಿಗೆ, 1974ರಲ್ಲಿ ಕಾವೇರಿಗೆ ಕೈಚಾಚಿತು. ಪ್ರತಿ ಹೆಜ್ಜೆಯಲ್ಲೂ ನೀರು ದೂರವಾಯಿತು. ಊರೊಳಗಿನ ಕೆರೆ ಅನಗತ್ಯವಾಯಿತು. ಇಂದು ಕಾವೇರಿಯ ನೀರು ಸುಮಾರು 100 ಕಿ.ಮೀ. ದೂರದಿಂದ ಸುಮಾರು 500 ಮೀಟರು ಮೇಲಕ್ಕೆ ಏರಿ ಬರುತ್ತಿದೆ. 2024ರ ಬೇಸಿಗೆಯಲ್ಲಿ ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳ ಪೈಕಿ ಅರ್ಧದಷ್ಟು ಬತ್ತಿವೆಯೆಂದು ಸರ್ಕಾರವೇ ಹೇಳಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಕಾಡುಗಳನ್ನು ಸೀಳಿದ ಎತ್ತಿನಹೊಳೆ ಯೋಜನೆಯ ಮೊದಲ ಹಂತ ಉದ್ಘಾಟನೆಗೊಂಡಿತು. ಅದು ಬಯಲುಸೀಮೆಯ ಜಿಲ್ಲೆಗಳ ಹೆಸರಿನ ಯೋಜನೆ. ಶರಾವತಿಯನ್ನಂತೂ ನೇರವಾಗಿ ಬೆಂಗಳೂರಿಗೇ ಒಯ್ಯುವ ಪ್ರಸ್ತಾಪ 2019ರಲ್ಲಿ ಬಂದಾಗ ಸಾಗರ, ಶಿವಮೊಗ್ಗಗಳ ಜನ ಬೀದಿಗಿಳಿದರು. ಕೆರೆಯನ್ನು ವ್ಯಾಯಾಮದ ಅಂಗಳವೆಂದು ಬಗೆದ ನಗರಕ್ಕೆ ಹೊಳೆಯೆಂದರೆ ಕೊಳವೆ; ಕಾಡೆಂದರೆ ವಾರಾಂತ್ಯ.

ಆ ವಾರಾಂತ್ಯವೂ ನಮ್ಮಲ್ಲಿಗೆ ಬರುತ್ತಿದೆ. 2024ರ ಜನವರಿಯಲ್ಲಿ ಕುಮಾರಪರ್ವತದ ತಪ್ಪಲಿನಲ್ಲಿ ಸಾವಿರಾರು ಚಾರಣಿಗರು ಒಟ್ಟಿಗೆ ನೆರೆದು, ಅರಣ್ಯ ಇಲಾಖೆ ಮುಂಗಡ ನೋಂದಣಿ ಇಲ್ಲದ ಚಾರಣಗಳನ್ನೇ ತಡೆಯಬೇಕಾಯಿತು. ಶೋಲಾ ಕಾಡಿನ ತೊರೆಯೂ ಹುಲ್ಲುಗಾವಲೂ ಹೊರುವ ಭಾರಕ್ಕೆ ಮಿತಿಯಿದೆ. ಊರಿನ ಕೆರೆಯಂಚಿನಲ್ಲಿ ಮಿತಿಯ ಪಾಠ ಕಲಿಯದ ಕಾಲುಗಳು ಬೆಟ್ಟದ ಮೇಲೆ ಏಕಾಏಕಿ ಕಲಿಯುವುದಿಲ್ಲ.

ಓಡುವವರೇ ಕಾಯುವವರಾಗಲಿ

ಓಡುವವರನ್ನೂ ಸೈಕಲ್ ತುಳಿಯುವವರನ್ನೂ ನಾವು ಎದುರಾಳಿಗಳೆಂದು ಬಗೆದಿಲ್ಲ. 2021ರ ಆರಂಭದಲ್ಲಿ ಕನಕಪುರ ರಸ್ತೆಯ ಬಳಿಯ ತುರಹಳ್ಳಿ ಕಾಡಿನಲ್ಲಿ ವೃಕ್ಷೋದ್ಯಾನ ಮಾಡಲು ಹೊರಟಾಗ, ಅಲ್ಲಿ ನಡೆಯುವ, ಸೈಕಲ್ ತುಳಿಯುವ ಜನರೂ ಸೇರಿ ಪ್ರತಿಭಟಿಸಿದರು. ಕಾಡು ಕಾಡಾಗಿಯೇ ಇರಲಿ, ನಮಗೆ ಸೌಕರ್ಯ ಬೇಡ ಎಂದರು. ಸರ್ಕಾರ ಹಿಂದೆ ಸರಿಯಬೇಕಾಯಿತು. 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯ ಬದಿಯಲ್ಲಿ ರಸ್ತೆ ಹಿಗ್ಗಿಸಿ ಮೇಲ್ಸೇತುವೆ ಕಟ್ಟುವ ಯೋಜನೆಯಿಂದ 50ಕ್ಕೂ ಹೆಚ್ಚು ಮರಗಳಿಗೆ ಕುತ್ತು ಬಂದಾಗ, 2023ರ ಫೆಬ್ರವರಿಯಲ್ಲಿ ಮಲ್ಲೇಶ್ವರದ ನಿವಾಸಿಗಳು ಮೌನ ಮುರಿದು ಬೀದಿಗೆ ಬಂದರು. ಪ್ರತಿಭಟಿಸಿದವರ ಮೇಲೆ ಪೊಲೀಸ್ ಮೊಕದ್ದಮೆಯೂ ಹೂಡಲ್ಪಟ್ಟಿತು. ದಿನವೂ ಸುತ್ತುವ ಕೆರೆಯ ಮೇಲೆ ಹುಟ್ಟಿದ ಮಮತೆಯೇ ಅವರನ್ನು ಬೀದಿಗೆ ತಂದದ್ದು. ಆ ಮಮತೆ ನಮ್ಮ ಚಳವಳಿಯ ಬಂಡವಾಳ.

ಆದ್ದರಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರ ಪಾಲಿಕೆಗಳ ಮುಂದೆ, ಹಾಗೆಯೇ ನಗರದ ಓಟಗಾರ ಮಿತ್ರರ ಮುಂದೆ ನಾವು ಇಡುವ ಬೇಡಿಕೆಗಳು ಸರಳ. ಮೊದಲನೆಯದು, ಹೊಲಸು ನಿಲ್ಲುವವರೆಗೆ ಹಾದಿಗೆ ಹಣವಿಲ್ಲ. ಒಳಚರಂಡಿಯ ಕೆಲಸ ಮುಗಿದ ಮೇಲೆ ಮಾತ್ರ ದಡದ ಮಾತು. ಎರಡನೆಯದು, ಹಾದಿ ಏರಿಯ ಮೇಲಿರಲಿ. ಉಳಿದ ಮೂರು ಅಂಚುಗಳು ನೀರಿಗೆ, ಜೊಂಡಿಗೆ, ಹಕ್ಕಿಗೆ ಸೇರಲಿ. ಸುತ್ತು ಪೂರ್ಣವಾಗದಿದ್ದರೆ ಹೋದ ದಾರಿಯಲ್ಲೇ ಹಿಂತಿರುಗಿ ಓಡಬಹುದು. ಮೂರನೆಯದು, ರಾಜಕಾಲುವೆಯ ಮೀಸಲು ವಲಯದಲ್ಲಿ ಮಣ್ಣಿನ ಕಾಲುದಾರಿಗಿಂತ ಹೆಚ್ಚಿನದೇನೂ ಬೇಡ. ಮಳೆಗಾಲದಲ್ಲಿ ಅದು ಮುಳುಗಿದರೆ ಮುಳುಗಲಿ, ನೀರು ಇಳಿದ ಮೇಲೆ ನಡೆಯೋಣ. ನಾಲ್ಕನೆಯದು, ಗೂಡು ಕಟ್ಟುವ ಕಾಲದಲ್ಲಿ ಜವುಗಿನ ಬದಿಯ ದಾರಿಗಳನ್ನು ಮುಚ್ಚಬೇಕು. ಸೂರ್ಯ ಮುಳುಗಿದ ಮೇಲೆ ದೀಪ ಬೇಡ. ಐದನೆಯದು, ಸೈಕಲ್ಲಿಗೆ ಜಾಗ ಬೇಕಾದರೆ ಅದನ್ನು ಕಾರಿನಿಂದ ಕೇಳಬೇಕು, ಕಾಲುವೆಯಿಂದಲ್ಲ. ಗಾಂಧಿ ಬಜಾರು, ಸಂಪಿಗೆ ರಸ್ತೆ, ಚಾಮರಾಜಪೇಟೆಯ ಮುಖ್ಯರಸ್ತೆಗಳ ಅಂಚಿನಲ್ಲಿ ನಿಂತ ವಾಹನಗಳನ್ನು ಸರಿಸಿದರೆ ಸೈಕಲ್ಲಿಗೂ ಪಾದಚಾರಿಗೂ ಬೇಕಾದಷ್ಟು ನೆಲ ದೊರೆಯುತ್ತದೆ. ಕಾರಿನ ಮುಂದೆ ಸೋತು ಕೆರೆಯ ಮುಂದೆ ಗೆಲ್ಲುವುದು ಪೌರುಷವಲ್ಲ.

ಬೆಂಗಳೂರಿನ ಓಟಗಾರರೇ, ನಾಳೆ ಬೆಳಗ್ಗೆ ಕೆರೆ ಸುತ್ತುವಾಗ ಒಮ್ಮೆ ನಿಂತು ಮೂರು ಸಂಗತಿ ಹುಡುಕಿರಿ: ಇದಕ್ಕೆ ನೀರು ಎಲ್ಲಿಂದ ಬರುತ್ತದೆ, ಕೋಡಿ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ, ನಡುವೆ ಯಾರು ಅಡ್ಡ ನಿಂತಿದ್ದಾರೆ. ಉತ್ತರ ದೊರೆಯದಿದ್ದರೆ ವಾರ್ಡಿನ ಕಚೇರಿಯಲ್ಲಿ ಕೇಳಿರಿ, ಮಾಹಿತಿ ಹಕ್ಕಿನಡಿ ಕೇಳಿರಿ, ಬೀದಿಯಲ್ಲಿ ನಿಂತು ಕೇಳಿರಿ. ನಿಮ್ಮ ಕೆರೆ ತುಂಬಿದಷ್ಟೂ ನಮ್ಮ ಹೊಳೆ ಸಮುದ್ರದವರೆಗೆ ಹರಿಯುತ್ತದೆ.