ತಳಿಯ ಹೆಸರೂ ಸೊಂಟದ ಕೀಲೂ

ರಕ್ತದೊತ್ತಡ, ಮಧುಮೇಹಗಳನ್ನು ಕುರಿತ ಲೇಖನಗಳ ನಡುವೆ ನಾಯಿಯ ಸೊಂಟದ ಪ್ರಸ್ತಾಪವೇಕೆಂದು ವಾಚಕರು ಹುಬ್ಬೇರಿಸಬಹುದು. ಆದರೆ ಮುಲುಂಡ್, ಡೊಂಬಿವಲಿ, ಮೀರಾ ರೋಡ್‌ಗಳ ಗೃಹಸಂಕುಲಗಳಲ್ಲಿ ಸಂಜೆ ಒಮ್ಮೆ ಸುತ್ತಿ ಬಂದರೆ, ನಮ್ಮವರ ಮನೆಗಳಲ್ಲಿ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಪಗ್‌ಗಳು ಎಷ್ಟರಮಟ್ಟಿಗೆ ಕುಟುಂಬದ ಸದಸ್ಯರಾಗಿವೆ ಎಂಬುದು ವೇದ್ಯವಾಗುತ್ತದೆ. ಹಾಗಿರುವಾಗ ಅವುಗಳ ಅಸ್ವಾಸ್ಥ್ಯವೂ ಮನೆಯ ಅಸ್ವಾಸ್ಥ್ಯವೇ ಸರಿ.

ಹಿಪ್ ಡಿಸ್‌ಪ್ಲೇಸಿಯ ಎಂಬುದು ಸೊಂಟದ ಕೀಲಿನ ವಿಕಾರ. ತೊಡೆಮೂಳೆಯ ಗುಂಡು, ಅದನ್ನು ಹಿಡಿದಿಡಬೇಕಾದ ಬಟ್ಟಲಿನಲ್ಲಿ ಬಿಗಿಯಾಗಿ ಕೂಡದೆ ಸಡಿಲವಾಗಿ ಅಲುಗಾಡುತ್ತದೆ. ಹುಟ್ಟಿದ ಮರಿಯಲ್ಲಿ ಕೀಲು ಸರಿಯಾಗಿಯೇ ತೋರುತ್ತದೆ. ಬೆಳೆಯುತ್ತ ಹೋದಂತೆ ಸಡಿಲಗೊಂಡು, ಸವೆದು, ಕಾಲಕ್ರಮದಲ್ಲಿ ಸಂಧಿವಾತಕ್ಕೆ ತಿರುಗುತ್ತದೆ. ಹಿಂಗಾಲುಗಳೆರಡನ್ನೂ ಕೂಡಿಸಿ ಮೊಲದಂತೆ ಕುಪ್ಪಳಿಸುವುದು, ಮಲಗಿದಲ್ಲಿಂದ ಏಳಲು ತಿಣುಕುವುದು, ಮೆಟ್ಟಿಲ ಬುಡದಲ್ಲಿ ನಿಂತು ಯಜಮಾನನ ಮುಖ ನೋಡುವುದು ಇದರ ಲಕ್ಷಣಗಳು.

ಈ ವಿಕಾರವು ಎಲ್ಲ ತಳಿಗಳಲ್ಲಿ ಸಮಾನವಾಗಿ ಹಂಚಿಹೋಗಿಲ್ಲ. ಅಮೆರಿಕದಲ್ಲಿ 1966ರಲ್ಲಿ ಸ್ಥಾಪಿತವಾದ ಆರ್ಥೋಪೀಡಿಕ್ ಫೌಂಡೇಶನ್ ಫಾರ್ ಅನಿಮಲ್ಸ್ ಎಂಬ ಸಂಸ್ಥೆಯು ಕ್ಷಕಿರಣ ಚಿತ್ರಗಳನ್ನು ಪರಿಶೀಲಿಸಿ ಸಂಗ್ರಹಿಸಿದ ಲೆಕ್ಕದಂತೆ, ಬುಲ್‌ಡಾಗ್ ಮತ್ತು ಪಗ್‌ಗಳಲ್ಲಿ ನೂರಕ್ಕೆ ಸುಮಾರು 70, ಸೇಂಟ್ ಬರ್ನಾರ್ಡ್‌ನಲ್ಲಿ ಹೆಚ್ಚುಕಡಿಮೆ ಅರ್ಧಾಂಶ, ಜರ್ಮನ್ ಶೆಫರ್ಡ್, ರಾಟ್‌ವೈಲರ್, ಗೋಲ್ಡನ್ ರಿಟ್ರೀವರ್‌ಗಳಲ್ಲಿ ಸುಮಾರು 20, ಲ್ಯಾಬ್ರಡಾರ್‌ನಲ್ಲಿ ಸುಮಾರು 12 ನಾಯಿಗಳು ದೋಷಯುಕ್ತ. ಗ್ರೇಹೌಂಡ್, ಬೋರ್ಜಾಯ್‌ಗಳಂಥ ಓಟದ ನಾಯಿಗಳಲ್ಲಿ ಈ ಸಂಖ್ಯೆ ಐದನ್ನೂ ಮುಟ್ಟುವುದಿಲ್ಲ. 2003ರ ದೂರವಾಣಿ ಕಂಪನಿಯೊಂದರ ಜಾಹೀರಾತನ್ನು ಕಂಡು ಪಗ್ ಮರಿಗಾಗಿ ಮುಗಿಬಿದ್ದವರು ಮೊದಲ ಸಾಲನ್ನು ಇನ್ನೊಮ್ಮೆ ಓದಬೇಕಾಗಿ ವಿನಂತಿ.

ಬ್ಯಾಂಕಿನವನಾದ ನನಗೆ ಯಾವ ಅಂಕಿಸಂಖ್ಯೆಯನ್ನೂ ಅದರ ಮೂಲ ಕೇಳದೆ ನಂಬುವ ಅಭ್ಯಾಸವಿಲ್ಲ. ಇಲ್ಲಿ ಚಿತ್ರವನ್ನು ಕಳುಹಿಸುವವರು ನಾಯಿಯ ಒಡೆಯರೇ, ಅದೂ ಸ್ವಇಚ್ಛೆಯಿಂದ. ಚಿತ್ರ ನೋಡಿದೊಡನೆ ಕೀಲು ಕೆಟ್ಟಿದೆಯೆಂದು ತಿಳಿದವನು ಪ್ರಮಾಣಪತ್ರಕ್ಕಾಗಿ ಹಣ ತೆತ್ತು ಅದನ್ನು ಕಳುಹಿಸುವುದು ಅಪರೂಪ. ನಷ್ಟದಲ್ಲಿರುವ ಅಂಗಡಿಕಾರರು ತಮ್ಮ ಆಢಾವೆಯನ್ನು ಮುಚ್ಚಿಟ್ಟು, ಲಾಭದಲ್ಲಿರುವವರು ಮಾತ್ರ ತೋರಿಸಿದರೆ ಪೇಟೆಯ ಸ್ಥಿತಿ ಎಷ್ಟು ಸೊಗಸಾಗಿ ಕಾಣಬಹುದೋ ಅಷ್ಟೇ ಸೊಗಸು ಈ ಲೆಕ್ಕದ್ದು. ಆದ್ದರಿಂದ ಲ್ಯಾಬ್ರಡಾರ್‌ನ 12ನ್ನು ಕನಿಷ್ಠ ಮಿತಿಯೆಂದೇ ಎಣಿಸುವುದು ಲೇಸು.

ನಮ್ಮ ನೆರೆಯ ಕಟ್ಟಡದಲ್ಲಿ ಲಿಫ್ಟ್ ಇಲ್ಲದ ಮೂರನೆಯ ಮಹಡಿಯಲ್ಲಿ ವಾಸಿಸುವ ಸದ್ಗೃಹಸ್ಥರೊಬ್ಬರು ಮೂವತ್ತೈದು ಕಿಲೋ ತೂಗುವ ತಮ್ಮ ಲ್ಯಾಬ್ರಡಾರ್ ನಾಯಿಯನ್ನು ಎರಡು ವರ್ಷಗಳಿಂದ ದಿನಕ್ಕೆರಡು ಬಾರಿ ಹೆಗಲಿನಲ್ಲಿ ಹೊತ್ತು ಇಳಿಸಿ ಏರಿಸುತ್ತಿದ್ದಾರೆ. ಅವರ ವಯಸ್ಸು ಅರುವತ್ತೆರಡು. ಮರಿಯನ್ನು ಕೊಂಡಾಗ ಅದರ ವಂಶಾವಳಿಯ ಪತ್ರವನ್ನು ಅವರು ಅಭಿಮಾನದಿಂದ ಚೌಕಟ್ಟು ಹಾಕಿಸಿದ್ದರು. ಅದರಲ್ಲಿ ಅಜ್ಜ ಮುತ್ತಜ್ಜಂದಿರ ಹೆಸರುಗಳಿದ್ದವೇ ಹೊರತು ಅವರ ಸೊಂಟದ ಸಂಗತಿ ಇರಲಿಲ್ಲ.

ನನ್ನ ತಕರಾರು ಇಲ್ಲಿಯೇ. ಠಾಣೆಯಲ್ಲಿ ಒಂದು ಕೋಣೆಯ ಮನೆ ಕೊಳ್ಳಲು ಮೂವತ್ತು ವರ್ಷಗಳ ದಸ್ತಾವೇಜು ಶೋಧಿಸುವ ನಾವು, ಹತ್ತು ಹನ್ನೆರಡು ವರ್ಷ ಜೊತೆಗಿರಬೇಕಾದ ಜೀವಕ್ಕೆ ತಾಯಿ ತಂದೆಯರ ಕ್ಷಕಿರಣ ಚಿತ್ರವನ್ನೇಕೆ ಕೇಳುವುದಿಲ್ಲ? ಈ ದೋಷವು ಅನೇಕ ವಂಶವಾಹಿಗಳಿಂದ ಬರುವಂಥದು. ಒಳ್ಳೆಯ ಜೋಡಿಗೂ ಕೆಟ್ಟ ಕೀಲಿನ ಮರಿ ಹುಟ್ಟುವುದುಂಟು. ಆದರೂ ಅಪಾಯ ತಗ್ಗುವುದು ನಿಶ್ಚಯ. 2017ರ ಕೇಂದ್ರ ನಿಯಮಗಳ ಪ್ರಕಾರ ನಾಯಿ ಸಾಕಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಪಡೆಯತಕ್ಕದ್ದು. ಆದರೆ ಗಿರಾಕಿ ಕೇಳದ ಸರಕನ್ನು ಯಾವ ವ್ಯಾಪಾರಿಯೂ ಇಡುವುದಿಲ್ಲವೆಂಬುದನ್ನು ವಾಣಿಜ್ಯಶಾಸ್ತ್ರದ ಮೊದಲ ವರ್ಷದಲ್ಲೇ ಕಲಿಸುತ್ತಾರೆ.

ವಂಶವೊಂದೇ ಕಾರಣವಲ್ಲ. 48 ಲ್ಯಾಬ್ರಡಾರ್‌ಗಳನ್ನು ಜೋಡಿ ಜೋಡಿಯಾಗಿ ಆಯ್ದು, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಪಾಲು ಕಡಿಮೆ ಆಹಾರವಿತ್ತು ಜೀವನಪರ್ಯಂತ ಗಮನಿಸಿದ ಅಮೆರಿಕದ ಪ್ರಯೋಗದಲ್ಲಿ, ಮಿತಾಹಾರಿಗಳ ಕೀಲುನೋವು ಬಹಳ ತಡವಾಗಿ ಬಂತು. ಆಯುಸ್ಸೂ ಸುಮಾರು ಎರಡು ವರ್ಷ ಅಧಿಕವಾಯಿತು. ನಾರ್ವೆಯಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ತಿಂಗಳೊಳಗಿನ ಮರಿಗಳು ಪ್ರತಿದಿನ ಮೆಟ್ಟಿಲು ಹತ್ತಿಳಿದರೆ ದೋಷ ಹೆಚ್ಚೆಂದೂ, ಮೆತ್ತನೆಯ ನೆಲದಲ್ಲಿ ಸ್ವೇಚ್ಛೆಯಾಗಿ ಓಡಾಡಿದರೆ ಕಡಿಮೆಯೆಂದೂ ಕಂಡುಬಂತು. ಮೆಟ್ಟಿಲು ಧಾರಾಳವಾಗಿದ್ದು ಮೈದಾನ ದುರ್ಲಭವಾದ ಈ ಮಹಾನಗರದಲ್ಲಿ ಭಾರಿ ತಳಿಯ ಮರಿ ತರುವವರು ಅದನ್ನು ಆರಂಭದಲ್ಲಿ ಎತ್ತಿಕೊಂಡೇ ಇಳಿಯಲಿ. ಆಗ ಅದರ ತೂಕವೂ ಕಡಿಮೆ. ತಟ್ಟೆಯಲ್ಲಿ ಉಳಿದ ಇಡ್ಲಿ, ಹೋಳಿಗೆಗಳನ್ನು ಪ್ರೀತಿಯ ಹೆಸರಿನಲ್ಲಿ ಹಾಕುವ ನಮ್ಮ ಅಜ್ಜಿಯಂದಿರನ್ನು ತಡೆಯುವ ಉಪಾಯ ಮಾತ್ರ ನನಗೆ ಹೊಳೆದಿಲ್ಲ.

ಊರಿನ ಅಭಿಮಾನದಿಂದ ಮುಧೋಳದ ಬೇಟೆನಾಯಿಯನ್ನು ತರಬಯಸುವವರೂ ಇದ್ದಾರೆ. 2005ರಲ್ಲಿ ಅಂಚೆಚೀಟಿಯ ಮೇಲೆ ಮೆರೆದ ಈ ತಳಿ, ಗ್ರೇಹೌಂಡ್‌ನಂಥ ನೀಳವಾದ ಮೈಕಟ್ಟಿನ ವರ್ಗಕ್ಕೇ ಸೇರಿದುದು. ಮುಧೋಳದ ಬಳಿಯ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ಮರಿಗಳು ದೊರೆಯುತ್ತವೆ. ಆದರೆ ಬಯಲಿನಲ್ಲಿ ಮೊಲದ ಬೆನ್ನಟ್ಟಲು ಹುಟ್ಟಿದ ಪ್ರಾಣಿಯನ್ನು ನಾನೂರು ಚದರಡಿಯಲ್ಲಿ ಕಟ್ಟಿಹಾಕುವುದು ಅಭಿಮಾನವಲ್ಲ, ಶಿಕ್ಷೆ. ನನ್ನನ್ನು ಕೇಳಿದರೆ, ನಮ್ಮ ಗಲ್ಲಿಯ ದೇಶೀ ಮರಿಯೇ ಈ ನಗರಕ್ಕೆ ತಕ್ಕದ್ದು.

ಈಗಾಗಲೇ ದೊಡ್ಡ ತಳಿಯ ನಾಯಿ ಉಳ್ಳವರು ಅದು ಕುಂಟುವವರೆಗೆ ಕಾಯಬೇಕಾಗಿಲ್ಲ. ಪರೇಲಿನಲ್ಲಿ ಬಾಯಿ ಸಾಕರಬಾಯಿ ದಿನ್ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ ಇದೆ. 2024ರಲ್ಲಿ ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್ಸ್‌ನ ಆಸ್ಪತ್ರೆಯೂ ತೆರೆದಿದೆ. ಎರಡು ವರ್ಷ ತುಂಬಿದ ನಾಯಿಗೆ ಒಂದು ಕ್ಷಕಿರಣ ಚಿತ್ರ ತೆಗೆಸಿ, ಕೀಲು ಸರಿಯಿಲ್ಲವಾದರೆ ತೂಕ ಇಳಿಸುವುದನ್ನು ಅಂದೇ ಆರಂಭಿಸಬೇಕು. ಅಂಥ ನಾಯಿಯಿಂದ ಮರಿ ಮಾಡಿಸಲೇಬಾರದು, ಮರಿಗೆ ಎಷ್ಟೇ ಸಾವಿರ ರೂಪಾಯಿ ಬರುವಂತಿದ್ದರೂ.