ಹತ್ತು ಮಿಲಿಮೀಟರಿನ ತಕರಾರು

ಅಲಾಸ್ಕಾದ ಕಾಡಿಗೆ ಮೀನು ಹಿಡಿಯಲೋ ಚಾರಣಕ್ಕೋ ಹೋಗುವವನು ಕರಡಿಯ ಭಯಕ್ಕೆ ಮೈಮೇಲೆ ಪಿಸ್ತೂಲು ಕಟ್ಟಿಕೊಳ್ಳುವುದೇ ಆದರೆ ಅದು ಹತ್ತು ಮಿಲಿಮೀಟರಿನ ಸೆಮಿ-ಆಟೊಮ್ಯಾಟಿಕ್ ಆಗಿರಲಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಬರೆದದ್ದೇ ತಡ, ನಾಲ್ಕು ದಿಕ್ಕಿನಿಂದ ಈಡು ಬಿದ್ದವು. ರಿವಾಲ್ವರ್ ಪಂಥದವರು ಒಂದು ಕಡೆ, ಮೆಣಸಿನ ಸ್ಪ್ರೇ ಪಂಥದವರು ಇನ್ನೊಂದು ಕಡೆ, ಒಂಬತ್ತು ಮಿಲಿಮೀಟರ್ ಸಾಲದೇನ್ರೀ ಎನ್ನುವವರು ಮತ್ತೊಂದು ಕಡೆ. ಇವರೆಲ್ಲರ ಬೆನ್ನಿಗೆ ತೀರ್ಥಹಳ್ಳಿಯಿಂದ ನಮ್ಮ ಚಿಕ್ಕಪ್ಪ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಮಾಡಿಸಿದ ಜೋಡುನಳಿಗೆ ಕೋವಿಯನ್ನು ಪ್ರತಿ ಚುನಾವಣೆಗೂ ಪೊಲೀಸ್ ಠಾಣೆಯಲ್ಲಿಟ್ಟು, ಮುಗಿದ ಮೇಲೆ ಬಿಡಿಸಿಕೊಂಡು ಬರುತ್ತಿದ್ದ ಮನುಷ್ಯ ಅವರು. ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಪಿಸ್ತೂಲಲ್ಲಿ ಕರಡಿ ಹೊಡಿತೀನಿ ಅಂತೀಯಲ್ಲ, ನಿನ್ನ ಮಂಡೆ ಸಮ ಇದ್ಯನೋ?"

ಚಿಕ್ಕಪ್ಪನಿಗೆ ಕೊನೆಯಲ್ಲಿ ಉತ್ತರ ಕೊಡುತ್ತೇನೆ. ರಿವಾಲ್ವರ್‌ನವರು ಸಂಖ್ಯೆಯಲ್ಲೂ ದನಿಯಲ್ಲೂ ದೊಡ್ಡವರು, ಮೊದಲು ಅವರು.

ಅವರ ಮೊದಲ ವಾದ ಬಲದ್ದು. 1950ರ ದಶಕದಲ್ಲಿ ಕೋವಿ ಬರಹಗಾರ ಎಲ್ಮರ್ ಕೀತ್ ಹಟ ಹಿಡಿದು ಸ್ಮಿತ್ ಅಂಡ್ ವೆಸನ್ ಕಂಪನಿಯಿಂದ ಮಾಡಿಸಿದ .44 ಮ್ಯಾಗ್ನಮ್ ಮುಂದೆ ಹತ್ತು ಮಿಲಿಮೀಟರ್ ಎಲ್ಲಿ ನಿಂತೀತು ಎನ್ನುತ್ತಾರೆ. ನಿಲ್ಲುವುದಿಲ್ಲ, ಒಪ್ಪಿದೆ. ಜೋರಾದ ಹತ್ತು ಮಿಲಿಮೀಟರ್ ತೋಟೆಯ ಶಕ್ತಿ ಸುಮಾರು 900 ಜೂಲ್, .44ರದ್ದು ಹತ್ತಿರ ಹತ್ತಿರ 1400. ಆದರೆ ಅದೇ ಸಾಲಿನಲ್ಲಿ ಮಾಮೂಲಿ .30-06 ರೈಫಲನ್ನು ತಂದು ನಿಲ್ಲಿಸಿ: 3800ರ ಆಸುಪಾಸು. ಅದರ ಎದುರು ಇವೆರಡೂ ಬಡವರೇ. ಬಡವರಿಬ್ಬರಲ್ಲಿ ಯಾರ ಜೇಬಿನಲ್ಲಿ ನಾಲ್ಕು ಕಾಸು ಜಾಸ್ತಿ ಎಂದು ಜಗಳವಾಡಿ ಪ್ರಯೋಜನವಿಲ್ಲ. ಪಿಸ್ತೂಲಿನ ಗುಂಡು ಕರಡಿಯನ್ನು ಹೊಡೆತದ ರಭಸಕ್ಕೆ ಕೆಡವುವುದಿಲ್ಲ. ಅದು ಮಿದುಳನ್ನೋ ಬೆನ್ನುಹುರಿಯನ್ನೋ ತಲುಪಿದರೆ ಮಾತ್ರ ಓಡಿ ಬರುವ ಪ್ರಾಣಿ ಅಲ್ಲೇ ಕುಸಿಯುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡೇ: ಗುಂಡು ಬೇಕಾದಷ್ಟು ಆಳ ಹೋಗುತ್ತದೆಯೇ, ನೀವು ಅದನ್ನು ಅಲ್ಲಿಗೆ ಇಡಬಲ್ಲಿರಾ? 200 ಗ್ರೇನ್ ತೂಕದ, ಚಪ್ಪಟೆ ಮೂತಿಯ, ಗಟ್ಟಿ ಸೀಸದ ಹತ್ತು ಮಿಲಿಮೀಟರ್ ಗುಂಡು ಅರಳದೆ, ನೇರವಾಗಿ, ಆಳಕ್ಕೆ ಹೋಗುತ್ತದೆ. ಎರಡನೆಯ ಪ್ರಶ್ನೆಯಲ್ಲಿ ಸೋಲುವುದು ನೀವು ಹೊಗಳುವ ಕೋವಿಯೇ.

ಗೆಳೆಯನೊಬ್ಬನ ಬಳಿ ಸ್ಕ್ಯಾಂಡಿಯಂ ಮಿಶ್ರಲೋಹದ .44 ರಿವಾಲ್ವರ್ ಇದೆ, ತೂಕ ಏಳುನೂರು ಗ್ರಾಂ ಚಿಲ್ಲರೆ. ಬೆಟ್ಟ ಹತ್ತುವಾಗ ಹೂವಿನಷ್ಟು ಹಗುರ. ಅಭ್ಯಾಸದ ಮೈದಾನದಲ್ಲಿ ಕೈಗೆ ಕೊಟ್ಟ. ಮೊದಲ ಈಡು ತಟ್ಟೆಯಷ್ಟಗಲದ ಗುರಿಯ ನಡುವಿಗೇ ಬಿತ್ತು. ಎರಡನೆಯದು ಅಂಚಿಗೆ. ಮೂರನೆಯದಕ್ಕೆ ಟ್ರಿಗರ್ ಎಳೆಯುವ ಮುನ್ನವೇ ನನ್ನ ಕಣ್ಣು ತಾನಾಗಿ ಮುಚ್ಚಿಕೊಂಡಿತು, ಗುಂಡು ಎಲ್ಲಿ ಹೋಯಿತೋ ದೇವರೇ ಬಲ್ಲ. ಐದು ಮುಗಿಸಿದಾಗ ಹೆಬ್ಬೆರಳಿನ ಬುಡ ಒನಕೆಯಲ್ಲಿ ಕುಟ್ಟಿದಂತಾಗಿತ್ತು. ಗೆಳೆಯನೂ ಅದರಲ್ಲಿ ವರ್ಷಕ್ಕೆ ಹತ್ತು ತೋಟೆ ಹೊಡೆಯುವುದಿಲ್ಲ. ಹೊಡೆಯಲು ಹೆದರುವ ಕೋವಿಯಲ್ಲಿ ಯಾರು ಪಳಗುತ್ತಾರೆ? ಹದಿನೈದು ತೋಟೆ ತುಂಬಿದ, ಹತ್ತು ಮಿಲಿಮೀಟರಿನ ಗ್ಲಾಕ್ 20 ಒಂದು ಕಿಲೋ ದಾಟುತ್ತದೆ, ನಿಜ. ಆದರೆ ಅದರ ಒದೆತದಲ್ಲಿ ಒಂದಿಷ್ಟನ್ನು ಹಿಂದೆ ಸರಿಯುವ ಸ್ಲೈಡೇ ನುಂಗಿಕೊಳ್ಳುತ್ತದೆ. ಎರಡನೆಯ ಗುಂಡು ಮೊದಲನೆಯದರ ಪಕ್ಕಕ್ಕೇ ಬೀಳುತ್ತದೆ, ಇನ್ನೂ ಹದಿಮೂರು ಉಳಿದಿರುತ್ತವೆ.

"ರಿವಾಲ್ವರ್ ಜಾಮ್ ಆಗುವುದಿಲ್ಲ" ಎಂಬುದು ಎರಡನೆಯ ವಾದ. ಆಗುತ್ತದೆ ಸ್ವಾಮಿ. ಹಗುರ ರಿವಾಲ್ವರಿನಲ್ಲಿ ಜೋರು ತೋಟೆ ಹೊಡೆದಾಗ ಆ ಒದೆತಕ್ಕೆ ಸಿಲಿಂಡರಿನ ಪಕ್ಕದ ಮನೆಗಳಲ್ಲಿರುವ ತೋಟೆಗಳ ಗುಂಡು ಕವಚದಿಂದ ಮುಂದಕ್ಕೆ ಜಾರಿ ಹೊರಗೆ ಮೂತಿ ಹಾಕುತ್ತದೆ. ಆಗ ಸಿಲಿಂಡರ್ ತಿರುಗುವುದಿಲ್ಲ. ಅದನ್ನು ಬಿಡಿಸಲು ಬೆಂಚು, ಸುತ್ತಿಗೆ, ತಾಳ್ಮೆ ಬೇಕು; ಕರಡಿಯ ಹತ್ತಿರ ಮೂರೂ ಇರುವುದಿಲ್ಲ. ಪಿಸ್ತೂಲಿಗೂ ಕಾಯಿಲೆಗಳಿವೆ. ಮಣಿಕಟ್ಟು ಸಡಿಲ ಹಿಡಿದರೆ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ತೋಟೆ ಸಿಕ್ಕಿಕೊಳ್ಳುತ್ತದೆ. ಹಳೆಯ ಗ್ಲಾಕ್‌ಗಳ ನಳಿಗೆಯಲ್ಲಿ ಬರಿಯ ಸೀಸದ ಗುಂಡು ಹೊಡೆಯಬೇಡಿ, ಸೀಸ ಒಳಗೆ ಮೆತ್ತಿಕೊಳ್ಳುತ್ತದೆ ಎಂದು ಕಂಪನಿಯೇ ಎಚ್ಚರಿಸುತ್ತದೆ. ಅದಕ್ಕೇ ಜನ ಬೇರೆ ನಳಿಗೆ ಕೊಂಡು ಹಾಕುವುದು, ಇಲ್ಲವೇ ಲೇಪನವಿರುವ ಗುಂಡು ಹುಡುಕುವುದು. ಕಾಡಿಗೆ ಒಯ್ಯುವ ಅದೇ ತೋಟೆಯಲ್ಲಿ ಕನಿಷ್ಠ ಇನ್ನೂರು ಈಡು ತೊಡಕಿಲ್ಲದೆ ಹೊಡೆಯುವವರೆಗೆ ಆ ಪಿಸ್ತೂಲನ್ನು ನಂಬಬೇಡಿ ಎಂಬುದು ನನ್ನ ಲೆಕ್ಕ. ದುಬಾರಿ ಲೆಕ್ಕವೇ.

ಒಂದು ಕಡೆ ಮಾತ್ರ ರಿವಾಲ್ವರ್‌ನವರೇ ಸರಿ, ಹೋದ ಬಾರಿ ನಾನದನ್ನು ಬರೆಯದೆ ಬಿಟ್ಟದ್ದು ತಪ್ಪು. ಕರಡಿ ಮೈಮೇಲೆ ಬಿದ್ದು, ಪಿಸ್ತೂಲಿನ ಮೂತಿ ಅದರ ರೋಮಕ್ಕೆ ಒತ್ತಿಕೊಂಡರೆ ಸ್ಲೈಡ್ ತುಸು ಹಿಂದೆ ಸರಿದು ಟ್ರಿಗರ್ ಸತ್ತುಹೋಗುತ್ತದೆ. ರಿವಾಲ್ವರಿಗೆ ಆ ತೊಂದರೆಯಿಲ್ಲ, ಒತ್ತಿ ಹಿಡಿದೇ ಹೊಡೆಯಬಹುದು. ಆ ಸ್ಥಿತಿ ಬಾರದಿರಲಿ ಎಂದೇ ಮೊದಲ ಎರಡು ಸೆಕೆಂಡಿನಲ್ಲಿ ಬೇಗ ಬೇಗ, ಗುರಿಯಿಟ್ಟು ಹೊಡೆಯಬಲ್ಲ ಕೋವಿ ಬೇಕು ಎಂದು ನಾನು ಹೇಳುವುದು.

ಹತ್ತು ಮಿಲಿಮೀಟರ್ ನಿನ್ನೆ ಮೊನ್ನೆಯ ಶೋಕಿ ಎಂದು ಒಬ್ಬರು ಮೂದಲಿಸಿದ್ದಾರೆ. ಈ ತೋಟೆ 1983ರದ್ದು, ಪಿಸ್ತೂಲು ತರಬೇತಿಯ ಗುರು ಜೆಫ್ ಕೂಪರ್ ಕೈವಾಡವಿದ್ದ ಬ್ರೆನ್ ಟೆನ್ ಪಿಸ್ತೂಲಿನ ಜೊತೆ ಹುಟ್ಟಿದ್ದು. 1986ರ ಮಯಾಮಿ ಗುಂಡಿನ ಚಕಮಕಿಯಲ್ಲಿ ಇಬ್ಬರು ಏಜೆಂಟರನ್ನು ಕಳೆದುಕೊಂಡ ಎಫ್‌ಬಿಐ ಇದನ್ನು ಎತ್ತಿಕೊಂಡಿತು. ಒದೆತ ಜಾಸ್ತಿಯಾಯಿತೆಂದು ತೋಟೆಯ ಬಲ ಇಳಿಸಿತು. ಆಮೇಲೆ ಕವಚವನ್ನೇ ಕುಳ್ಳಗೆ ಮಾಡಿ 1990ರಲ್ಲಿ .40 ಎಸ್ ಅಂಡ್ ಡಬ್ಲ್ಯೂ ಬಂತು. ಪೊಲೀಸರು ಕೈಬಿಟ್ಟದ್ದನ್ನು ಕಾಡಿನವರು ಎತ್ತಿಕೊಂಡರು, ಅಷ್ಟೆ. ಈಶಾನ್ಯ ಗ್ರೀನ್‌ಲ್ಯಾಂಡಿನಲ್ಲಿ ನಾಯಿಗಾಡಿ ಕಟ್ಟಿಕೊಂಡು ತಿಂಗಳುಗಟ್ಟಲೆ ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ಪಡೆಯವರು ಹಿಮಕರಡಿಗೆಂದು ಇಟ್ಟುಕೊಂಡಿರುವ ಪಿಸ್ತೂಲು ಗ್ಲಾಕ್ 20. ಅವರ ಗಾಡಿಯಲ್ಲಿ ಹಳೆಯ ರೈಫಲೂ ಇರುತ್ತದೆ ಎಂಬುದನ್ನು ನೀವು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಇನ್ನು ಸ್ಪ್ರೇ ಪಂಥ. ಇವರ ಪತ್ರಗಳಲ್ಲಿ ಸಿಟ್ಟು ಕಡಿಮೆ, ಅಂಕಿ ಹೆಚ್ಚು. ಆದ್ದರಿಂದ ಇವರೇ ಗಟ್ಟಿ ಎದುರಾಳಿಗಳು. ಕರಡಿ ಸಂಶೋಧಕರಾದ ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು 2008ರಲ್ಲಿ ಅಲಾಸ್ಕಾದ ಸ್ಪ್ರೇ ಪ್ರಸಂಗಗಳನ್ನು ಲೆಕ್ಕ ಹಾಕಿದರು: ಕಂದು ಕರಡಿಯ ವಿಷಯದಲ್ಲಿ ನೂರಕ್ಕೆ 92 ಬಾರಿ ಮೆಣಸಿನ ಹೊಗೆ ಕೆಲಸ ಮಾಡಿತ್ತು. ಅವರೇ 2012ರಲ್ಲಿ ಕೋವಿ ಬಳಸಿದ 269 ಪ್ರಸಂಗಗಳನ್ನು ನೋಡಿದರು: ಕೈಗೋವಿ ಗೆದ್ದದ್ದು ನೂರಕ್ಕೆ 84, ಉದ್ದ ಕೋವಿ ನೂರಕ್ಕೆ 76. "92 ದೊಡ್ಡದೋ 84 ದೊಡ್ಡದೋ?" ಎಂದು ಒಬ್ಬ ಮೇಡಂ ಕೇಳಿದ್ದಾರೆ.

92 ದೊಡ್ಡದು ಮೇಡಂ. ಆದರೆ ಎರಡು ತಕ್ಕಡಿಯಲ್ಲಿಟ್ಟದ್ದು ಒಂದೇ ಸಾಮಾನಲ್ಲ. ಸ್ಪ್ರೇಯ ಪಟ್ಟಿಯಲ್ಲಿ ಡೇರೆಯ ಸುತ್ತ ಮೂಸುತ್ತಾ ಬಂದ, ಬುತ್ತಿಯ ಆಸೆಗೆ ಸುಳಿದ, ಕುತೂಹಲದ ಕರಡಿಗಳೂ ಸೇರಿವೆ. ಕೋವಿಯ ಪಟ್ಟಿ ಹೆಚ್ಚಾಗಿ ಕೈಮೀರಿದ ಪ್ರಸಂಗಗಳದ್ದು. ಒಂದು ಗುಂಡಿಗೆ ಕರಡಿ ತೆಪ್ಪಗೆ ಓಡಿಹೋದರೆ ಯಾರೂ ಹೋಗಿ ವರದಿ ಕೊಡುವುದಿಲ್ಲ. ಇಷ್ಟು ಹೇಳಿ ಗೆದ್ದೆ ಎಂದು ನಾನು ಮೀಸೆ ತಿರುವುವ ಹಾಗೂ ಇಲ್ಲ. ಯಾಕೆಂದರೆ 2012ರ ಅಧ್ಯಯನದಲ್ಲಿ ನನಗೆ ಚುಚ್ಚುವ ಮಾತೊಂದಿದೆ: ಕೋವಿ ಇದ್ದವರು ಅದನ್ನು ಹೊಡೆದರೂ ಹೊಡೆಯದಿದ್ದರೂ ಗಾಯಗೊಂಡ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಯಾಕೆ ಸೋತರು ಎಂಬುದನ್ನೂ ಅವರು ಬರೆದಿದ್ದಾರೆ. ಸಮಯ ಸಾಲಲಿಲ್ಲ. ಸೇಫ್ಟಿ ತೆಗೆಯಲು ಮರೆತರು. ಗುರಿ ತಪ್ಪಿತು. ತೋಟೆ ಖಾಲಿಯಾಗಿ ತುಂಬಲು ಆಗಲಿಲ್ಲ. ಕೋವಿ ಕೆಟ್ಟಿತು.

ಆ ಪಟ್ಟಿಯನ್ನು ಇನ್ನೊಮ್ಮೆ ಓದಿ. ಕೋವಿಗೆ ಬಲ ಸಾಲದೆ ಸತ್ತೆವು ಎಂಬ ಗೋಳು ಅಲ್ಲಿ ಮುಖ್ಯವಲ್ಲ. ಕಂದು ಕರಡಿ ಗಂಟೆಗೆ ಐವತ್ತು ಕಿಲೋಮೀಟರಿಗೂ ಮೀರಿ ಓಡುತ್ತದೆ. ನೂರು ಅಡಿ ದೂರದ ಪೊದೆಯಿಂದ ನಿಮ್ಮ ಎದೆಗೆ ಎರಡು ಸೆಕೆಂಡು. ಬೆನ್ನಚೀಲದ ಪಟ್ಟಿಯ ಅಡಿಯಲ್ಲಿ ಹುದುಗಿದ ಸೊಂಟದ ಕೋವಿ ಅಷ್ಟರಲ್ಲಿ ಕೈಗೆ ಬರುವುದಿಲ್ಲ. ಹಾಗಾಗಿ ಎದೆಪಟ್ಟಿ. ಬೆರಳು ಹುಡುಕಬೇಕಾದ ಸೇಫ್ಟಿ ಬೇಡ. ಹಾಗಾಗಿ ಗ್ಲಾಕ್‌ನಂಥ ಸರಳ ಪಿಸ್ತೂಲು. ಒಂದೆರಡು ತಪ್ಪಿದರೂ ತೋಟೆ ಉಳಿದಿರಬೇಕು. ಹಾಗಾಗಿ ಹದಿನೈದು. ನನ್ನ ಆಯ್ಕೆ ಹುಟ್ಟಿದ್ದು ಸ್ಪ್ರೇಯವರು ನನ್ನ ಮೇಲೆ ಎಸೆದ ಅದೇ ಅಧ್ಯಯನದಿಂದ.

ಸ್ಪ್ರೇ ಬೇಡ ಎಂದು ನಾನು ಎಲ್ಲೂ ಬರೆದಿಲ್ಲ. ಎದುರುಗಾಳಿಯಲ್ಲಿ ಅದು ನಿಮ್ಮ ಮುಖಕ್ಕೇ ಬರುತ್ತದೆ, ಇಪ್ಪತ್ತೈದು ಮೂವತ್ತು ಅಡಿಯಾಚೆ ಹೋಗುವುದಿಲ್ಲ, ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ. ಆದರೂ ಅದರ ಗುರಿ ಕೋವಿಯ ಗುರಿಗಿಂತ ಹತ್ತು ಪಟ್ಟು ಅಗಲ, ಮತ್ತು ಕರಡಿ ಬದುಕಿಕೊಳ್ಳುತ್ತದೆ. ಕರಡಿ ಸತ್ತರೆ ನಿಮ್ಮ ಪಾಡೂ ಹಗುರವಲ್ಲ. ಅಲಾಸ್ಕಾದಲ್ಲಿ ಆತ್ಮರಕ್ಷಣೆಗೆ ಕೊಂದ ಕರಡಿಯ ಚರ್ಮವನ್ನು ಉಗುರು ಸಮೇತ ನೀವೇ ಸುಲಿದು, ತಲೆಬುರುಡೆಯ ಜೊತೆ ಸರ್ಕಾರಕ್ಕೆ ಒಪ್ಪಿಸಿ, ಹದಿನೈದು ದಿನದೊಳಗೆ ಲಿಖಿತ ವರದಿ ಕೊಡಬೇಕು. ಮೊಂಟಾನಾ, ವಯೋಮಿಂಗ್ ಕಡೆ ಗ್ರಿಜ್ಲಿ 1975ರಿಂದ ಅಳಿವಿನಂಚಿನ ಕಾಯ್ದೆಯ ರಕ್ಷಣೆಯಲ್ಲಿದೆ. ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ 2010ರಿಂದ ಕೋವಿ ಒಯ್ಯಬಹುದು, ಹೊಡೆಯುವಂತಿಲ್ಲ; ಹೊಡೆದರೆ ಪ್ರಾಣಕ್ಕೇ ಬಂದಿತ್ತೆಂದು ತೋರಿಸಬೇಕು.

ಒಂಬತ್ತು ಮಿಲಿಮೀಟರಿನವರಿಗೆ ಹೆಚ್ಚು ಜಾಗ ಕೊಡಲಾರೆ. 2016ರಲ್ಲಿ ಅಲಾಸ್ಕಾದ ಗೈಡ್ ಫಿಲ್ ಶೂಮೇಕರ್ ಒಂಬತ್ತು ಮಿಲಿಮೀಟರಿನಲ್ಲೇ ಕಂದು ಕರಡಿಯನ್ನು ಕೆಡವಿದರು ಎಂದು ಎಲ್ಲರೂ ಬರೆದಿದ್ದಾರೆ. ಕೆಡವಿದರು, ಮೊನಚು ತೋಟೆಯಲ್ಲೂ ಅಲ್ಲ, ಅರಳುವ ತೋಟೆಯಲ್ಲೂ ಅಲ್ಲ, ಆಳಕ್ಕಿಳಿಯುವ ಗಟ್ಟಿ ಗುಂಡಿನಲ್ಲಿ. ಅದು ದಶಕಗಳ ಕಾಲ ಕರಡಿಯ ನಡುವೆಯೇ ಬಾಳಿದ ಕೈ. ಗಾಯಗೊಂಡ ಕರಡಿಯ ಹಿಂದೆ ಹೋಗುವಾಗ ಅದೇ ಮನುಷ್ಯ ಹಿಡಿಯುವುದು .458 ರೈಫಲ್. ಅವರ ಕೈ ನಿಮಗಿದ್ದರೆ ಅವರ ಪಿಸ್ತೂಲೂ ಇರಲಿ.

ಈಗ ಚಿಕ್ಕಪ್ಪ. ಚಿಕ್ಕಪ್ಪ, ನಾನು ಪಿಸ್ತೂಲಲ್ಲಿ ಕರಡಿ ಷಿಕಾರಿಗೆ ಹೋಗುತ್ತೇನೆ ಎಂದಿಲ್ಲ. ಬರುವ ಕರಡಿಯನ್ನು ತಡೆಯುವುದೇ ಬೇರೆ, ನಾವೇ ಹೋಗಿ ಪ್ರಾಣಿ ಹೊಡೆಯುವುದೇ ಬೇರೆ. ಕಡವೆ ಜಾತಿಯ ಮೂಸ್ ಹೊಡೆಯುವುದಕ್ಕೆ ನನ್ನ ಬಳಿ ರೈಫಲ್ ಇದೆ. ಹತ್ತು ಮಿಲಿಮೀಟರಿನಲ್ಲಿ ನಾನು ಷಿಕಾರಿ ಮಾಡಿದ್ದು ಹಂದಿ ಮಾತ್ರ, ಅದೂ ಟೆಕ್ಸಾಸಿನಲ್ಲಿ. ಅಲ್ಲಿ ಹಂದಿ ನಮ್ಮ ಮಲೆನಾಡಿಗಿಂತ ಹತ್ತು ಪಟ್ಟು ಉಪದ್ರವ. 2019ರಿಂದ ಜಮೀನಿನ ಯಜಮಾನ ಒಪ್ಪಿದರೆ ಲೈಸೆನ್ಸೂ ಬೇಡ. ನೀವು ಮರಸು ಕೂರುತ್ತಿದ್ದ ಹಾಗೇ ಕೂತೆ. ನಲವತ್ತು ಗಜದೊಳಗೆ ಬರಬೇಕು, ಪಕ್ಕ ಕೊಡಬೇಕು, ಕೈಗೆ ಒರಗು ಬೇಕು, ಇಲ್ಲದಿದ್ದರೆ ಬಿಟ್ಟುಬಿಡುವುದು. ತೋಟೆಯೂ ಬೇರೆ: ಕರಡಿಗೆ ಆಳ ಹೋಗುವ ಗಟ್ಟಿ ಗುಂಡು, ಹಂದಿಯ ಶ್ವಾಸಕೋಶಕ್ಕೆ ಒಳಗೆ ಹೋಗಿ ಅರಳುವ ಗುಂಡು. ಎರಡಕ್ಕೂ ಒಂದೇ ತುಂಬಿಕೊಂಡು ಹೋಗುವವನಿಗೆ ನಿಮ್ಮ ಮಂಡೆಯ ಪ್ರಶ್ನೆ ಕೇಳಿ, ನನ್ನ ತಕರಾರಿಲ್ಲ. ನಲವತ್ತೈದು ಗಜದಲ್ಲಿ ನಿಂತ ಒಂದನ್ನು ಬಿಟ್ಟು ಬಂದೆ, ಸಾರಿಗೆ ಅಂಗಡಿಯ ಮಾಂಸ ತಂದದ್ದಾಯಿತು.

ಊರಿನ ಓದುಗರೊಬ್ಬರು ಇದನ್ನೋದಿ ದರೋಜಿ ಕರಡಿಧಾಮದ ಕಡೆಗೆ ಏನು ಒಯ್ಯಲಿ ಎಂದು ಕೇಳಿದ್ದಾರೆ. ಒಂದು ದೊಡ್ಡ ದನಿ ಒಯ್ಯಿರಿ. ಅಲ್ಲಿನ ಕರಡಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಕೋವಿ ಲೈಸೆನ್ಸಿನಿಂದ ವಿನಾಯಿತಿ ಪಡೆದ ಕೊಡಗಿನವರಿಗೂ ಆ ವಿನಾಯಿತಿ ಪಿಸ್ತೂಲಿಗಿಲ್ಲ. ಪ್ರಾಣ ಉಳಿಸಿಕೊಳ್ಳಲು ಕೊಂದದ್ದು ಅಪರಾಧವಲ್ಲ ಎಂದು ಆ ಕಾಯ್ದೆಯೇ ಹೇಳುತ್ತದೆ, ಸತ್ತ ಪ್ರಾಣಿ ಸರ್ಕಾರದ್ದು ಎಂದೂ. ಆ ಒಂದು ಮಾತಲ್ಲಿ ಅಲಾಸ್ಕಾಕ್ಕೂ ಬಳ್ಳಾರಿ ಸೀಮೆಗೂ ಒಮ್ಮತವಿದೆ.

ಕೊನೆಯ ಪತ್ರ ಒಂದೇ ಸಾಲಿನದು: "ಇಷ್ಟೆಲ್ಲ ಬರೆದಿರಲ್ಲ, ನೀವು ಎಂದಾದರೂ ಕರಡಿಗೆ ಹೊಡೆದಿದ್ದೀರಾ?" ಇಲ್ಲ. ಕೀನೈ ಕಡೆಯ ಹೊಳೆಯಲ್ಲಿ ಸಾಲ್ಮನ್ ಹಿಡಿಯುತ್ತಿದ್ದಾಗ ಒಮ್ಮೆ, ಎರಡು ಮರಿಗಳ ತಾಯಿ ನಲವತ್ತು ಅಡಿಯಲ್ಲಿ ದಡಕ್ಕಿಳಿಯಿತು. ನಾನು ಹಿಂದೆ ಹಿಂದೆ ಹೆಜ್ಜೆಯಿಟ್ಟು ಅದರ ಜೊತೆ ಕನ್ನಡದಲ್ಲೇ ಮಾತಾಡಿದೆ, ಹೋಗು ತಾಯಿ ಎಂದೇನೋ ಅಂದಿರಬೇಕು. ಕೈ ತಾನಾಗಿ ಹೋದದ್ದು ಸೊಂಟದಲ್ಲಿದ್ದ ಸ್ಪ್ರೇಗೆ. ಅದನ್ನೂ ಒತ್ತಲಿಲ್ಲ, ಕರಡಿ ಮರಿಗಳನ್ನು ಕರೆದುಕೊಂಡು ಹೊಳೆ ದಾಟಿತು. ಎದೆಯ ಮೇಲೆ ಪಿಸ್ತೂಲೊಂದಿದೆ ಎಂದು ನನಗೆ ನೆನಪಾದದ್ದು, ಸಂಜೆ ಗಾಡಿಯ ಹತ್ತಿರ ಬೂಟು ಬಿಚ್ಚಲು ಬಗ್ಗಿದಾಗ ಅದು ಗದ್ದಕ್ಕೆ ತಾಗಿದ ಮೇಲೆ.